ಗಡಿಯಾರವಿಲ್ಲದ ಕೋಣೆಯಲ್ಲಿ ಎಂಟು ಗಂಟೆ

"ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದುಬಿಟ್ರು ಸರ್. ನಾನು ಏನೂ ಮಾಡಿಲ್ಲ!" ಎಂದು ಆ ಹುಡುಗಿ ನಮ್ಮ ಬಾಗಿಲಲ್ಲಿ ನಿಂತು ಅತ್ತಾಗ, ನನ್ನ ಭಾವ ಆರಾಮಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಊರಿಗೆಲ್ಲ ಅವರು ಪತ್ತೇದಾರ, ನನ್ನ ಅಕ್ಕನ ಪಾಲಿಗೆ ಕುಂಭಕರ್ಣ. ಅವರ ಹಿಂದೆ ಚೀಲ ಹಿಡಿದು ಅಲೆಯುವ ಕರ್ಮ ನನ್ನದು.

ಅಲ್ಲಾಡಿಸಿ ಎಬ್ಬಿಸಿದೆ. ಹುಡುಗಿ ನಿದ್ದೆಯ ಬಗ್ಗೆ ಸಂಶೋಧನೆ ಮಾಡುವ ವಿಜ್ಞಾನಿಯೊಬ್ಬರ ಸಹಾಯಕಿಯಂತೆ. 'ನಿದ್ದೆ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಭಾವ ಚಪ್ಪಲಿ ಮೆಟ್ಟಿ ಹೊರಟರು.

ಪ್ರಯೋಗಾಲಯದಲ್ಲಿ ವಿಜ್ಞಾನಿ ಬುಸುಗುಡುತ್ತಿದ್ದರು. "ನೆಲಮಾಳಿಗೇಲಿ ಒಂದು ಕೋಣೆ. ಕಿಟಕಿ ಇಲ್ಲ, ಗಡಿಯಾರ ಇಲ್ಲ, ಫೋನಿಲ್ಲ. ರಿಟೈರಾದ ಡ್ರಾಯಿಂಗ್ ಮೇಷ್ಟ್ರೊಬ್ಬರು ಒಳಗಿದ್ದಾರೆ. ಹಸಿದಾಗ ಗಂಟೆ ಬಾರಿಸ್ತಾರೆ, ನಿದ್ದೆ ಬಂದಾಗ ದೀಪ ಆರಿಸ್ತಾರೆ. ಹೊತ್ತು ಗೊತ್ತಾಗದಿದ್ರೆ ಮೈಯೊಳಗಿನ ಗಡಿಯಾರ ದಿನಾ ಸ್ವಲ್ಪ ಸ್ವಲ್ಪ ಹಿಂದೆ ಬೀಳಬೇಕು. ಇವರದು ಬೀಳ್ತಾನೇ ಇಲ್ಲ! ರಾತ್ರಿಯೂಟಕ್ಕೆ ದಿನಾ ಎಂಟಕ್ಕೇ ಗಂಟೆ. ಯಾರೋ ಹೊತ್ತು ಹೇಳಿಕೊಡ್ತಿದ್ದಾರೆ. ಒಳಗೆ ಹೋಗೋದು ನಾವಿಬ್ಬರೇ. ನಾನಂತೂ ಬಾಯೇ ಬಿಡಲ್ಲ."

"ನಾನೂ ಬಿಟ್ಟಿಲ್ಲ ಸರ್," ಎಂದಳು ಹುಡುಗಿ.

"ನೀವು ಯಾವಾಗ ಹೋಗ್ತೀರಿ?" ಭಾವ ವಿಜ್ಞಾನಿಯನ್ನು ಕೇಳಿದರು.

"ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಹೊತ್ತು ಮಾತ್ರ ದಿನಾ ಬದಲಾಯಿಸ್ತೀನಿ, ಬೇಕಂತಲೇ."

ಬಾಗಿಲಿನ ಗಾಜಿನಿಂದ ಇಣುಕಿದೆವು. ಗೋಡೆಯ ತುಂಬ ಮೇಷ್ಟ್ರು ಬರೆದ ಪೆನ್ಸಿಲ್ ಚಿತ್ರಗಳು. ಸಹಾಯಕಿಯ ಮುಖ ಎಲ್ಲದರಲ್ಲೂ ಒಂದೇ ಥರ. ವಿಜ್ಞಾನಿ ಮಾತ್ರ ಒಂದರಲ್ಲಿ ಮದುಮಗನಂತೆ, ಇನ್ನೊಂದರಲ್ಲಿ ದರೋಡೆಕೋರನಂತೆ ಕಾಣುತ್ತಿದ್ದರು.

"ಮೇಷ್ಟ್ರ ಕೈ ನಡುಗುತ್ತೇನೋ," ಎಂದೆ. ಭಾವ ನನ್ನನ್ನು ನೋಡಿ ನಕ್ಕರು. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಸಂಜೆ ಅವರು ಮೇಷ್ಟ್ರ ಹೆಂಡತಿಯನ್ನು ಕರೆಸಿದರು. ಸಹಾಯಕಿಗೆ ಎಂದಿನಂತೆ ಒಳಗೆ ಹೋಗಿಬರಲು ಹೇಳಿದರು. ವಿಜ್ಞಾನಿಯೂ ಹೋಗಬೇಕು, ಆದರೆ ಗಡ್ಡ ಬೋಳಿಸಿಕೊಂಡು!

"ಬೆಳಿಗ್ಗೆ ತಾನೇ ಬೋಳಿಸ್ಕೊಂಡಿದ್ದೀನ್ರೀ!"

"ಇನ್ನೊಂದ್ಸಲ ಆಗಲಿ. ನನ್ನ ಭಾಮೈದ ರೇಜರ್ ತರ್ತಾನೆ."

ರೇಜರ್ ತಂದುಕೊಟ್ಟೆ. ಇನ್ನೇನು ಮಾಡಲಿ!

ಎಂಟಾಯಿತು, ಗಂಟೆಯಿಲ್ಲ. ಎಂಟೂವರೆಗೂ ಇಲ್ಲ. ಹುಡುಗಿ ಉಗುರು ಕಚ್ಚುತ್ತ ಕೂತಿದ್ದಳು. ಒಂಬತ್ತೂವರೆಗೆ ಗಂಟೆ ಕೇಳಿಸಿತು. ಭಾವ ಮೇಷ್ಟ್ರನ್ನು ಹೊರಗೆ ಕರೆಸಿ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು.

"ಈ ಹುಡುಗಿ ಹೊತ್ತು ಹೇಳ್ತಿದ್ರೆ ಇವತ್ತೂ ಹೇಳಿರೋಳು, ಎಂಟಕ್ಕೇ ಗಂಟೆ ಆಗೋದು. ಇವತ್ತು ಬದಲಾಗಿದ್ದು ಒಂದೇ. ನೀವು ಎಲ್ಲ ಗಡಿಯಾರ ತೆಗೆದ್ರಿ ಸ್ವಾಮಿ, ಒಂದು ಮಾತ್ರ ದಿನಾ ಒಳಗೆ ಹೋಗಿಬರ್ತಿತ್ತು. ಬೆಳಿಗ್ಗೆ ನುಣ್ಣಗೆ, ಮಧ್ಯಾಹ್ನ ತುಸು ಕಪ್ಪಗೆ, ಸಂಜೆ ಒಳ್ಳೆ ಗರಗಸ! ಆ ಚಿತ್ರಗಳನ್ನೇ ನೋಡಿ. ಮುಖ ಬರೆಯೋರ ಕಣ್ಣಿಗೆ ಅಷ್ಟು ಸಾಲದೇ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ವಿಜ್ಞಾನಿ ಗಲ್ಲ ಮುಟ್ಟಿ ನೋಡಿಕೊಂಡರು.

ಮೇಷ್ಟ್ರು ತಲೆ ತಗ್ಗಿಸಿದರು. "ಇವತ್ತು ಆ ಗಲ್ಲ ನೋಡಿ ಸಂಜೇನೇ ಆಗಿಲ್ಲ ಅಂದ್ಕೊಂಡೆ. ಕೊನೆಗೆ ಹಸಿವು ತಾಳಲಾರದೆ ಗಂಟೆ ಹೊಡೆದೆ. ಮದುವೆಯಾದಾಗಿಂದ ನಾವಿಬ್ಬರೂ ಎಂಟಕ್ಕೆ ಒಟ್ಟಿಗೆ ಊಟಕ್ಕೆ ಕೂರೋದು. ಅಲ್ಲಿ ಅವಳೊಬ್ಬಳೇ ಕೂತಿರ್ತಾಳೆ, ಇಲ್ಲಿ ನಾನೂ ಕೂತ್ರೆ ಜೊತೆಗಿದ್ದ ಹಾಗಾಗುತ್ತೆ ಅಂತ..."

"ಅಯ್ಯೋ ನಿಮ್ಮ!" ಎಂದು ಹೆಂಡತಿ ಹಣೆ ಚಚ್ಚಿಕೊಂಡರು. "ನೀವಿಲ್ಲ ಅಂತ ನಾನು ಆರಾಮಾಗಿ ಸಿನಿಮಾ ನೋಡ್ಕೊಂಡು ಹತ್ತಕ್ಕೆ ತಿಂತಿದ್ದೀನ್ರೀ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಲೇ ಆಕೆ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ವಿಜ್ಞಾನಿ ಎದ್ದು ಸಹಾಯಕಿಯ ಮುಂದೆ ನಿಂತರು. "ತಪ್ಪಾಯ್ತಮ್ಮ. ನಾಳೆ ಬರ್ತೀಯಲ್ಲ?"

"ಬರ್ತೀನಿ ಸರ್. ಮತ್ತೆ ಮೊದಲಿಂದ ಶುರು ಮಾಡೋಣ. ಆದ್ರೆ ನೀವು ಗಡ್ಡ ಬಿಡೋವರೆಗೂ ಆ ಕೋಣೆಗೆ ಕಾಲಿಡೋ ಹಾಗಿಲ್ಲ!"

"ಹೂಂ ಕಣಮ್ಮ," ಎಂದರು ಅವರು, ಬೈಸಿಕೊಂಡ ಮಗುವಿನಂತೆ.

ಅವಳು ನಗುತ್ತ ಹೋಗಿ ಎರಡು ತಟ್ಟೆ ತಂದು ಗಂಡ ಹೆಂಡಿರ ಮುಂದಿಟ್ಟಳು. ಹತ್ತು ಗಂಟೆಯಾಗುತ್ತ ಬಂದಿತ್ತು. ಭಾವನನ್ನು ಹೊಗಳೋಣವೆಂದು ತಿರುಗಿದರೆ, ಆಗಲೇ ಗೊರಕೆ. ವಿಜ್ಞಾನಿ ಅವರನ್ನೇ ಆಸೆಯಿಂದ ನೋಡುತ್ತ ನನ್ನ ಕಿವಿಯಲ್ಲಿ ಕೇಳಿದರು: "ಮುಂದಿನ ಸಲ ಇವರನ್ನೇ ಒಳಗೆ ಮಲಗಿಸಬಹುದಾ?"