ಎಂಟನೇ ನಂಬರಿನ ನಳಿಕೆ

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ದೂರು ಎಂಥದೆಂದರೆ, ಬರೆದುಕೊಳ್ಳಲು ಕೂತ ಮುಖ್ಯಪೇದೆಯಮ್ಮ ಎರಡು ಸಲ ಪೆನ್ನು ಕೆಳಗಿಟ್ಟಳು. ಆಸ್ಪತ್ರೆಯ ಪ್ರಯೋಗಾಲಯದಿಂದ ಹನ್ನೆರಡು ನಳಿಕೆಗಳ ಪೆಟ್ಟಿಗೆಯೊಂದು ಕಳುವಾಗಿತ್ತು. ನಳಿಕೆಗಳಲ್ಲಿದ್ದದ್ದು ಮನುಷ್ಯರ ಚರ್ಮ.

“ಚರ್ಮ ಕದ್ದು ಏನ್ಮಾಡ್ತಾರಂತೆ?” ಎಂದಳು ಆಕೆ.

ಇನ್‌ಸ್ಪೆಕ್ಟರಿಗೆ ನಗು ಬರಲಿಲ್ಲ. ಅವರದು ಮೊದಲೇ ಪುಕ್ಕಲು ಜೀವ. ಮನೆಗೆ ಬೀಗ ಹಾಕಿ ಎರಡು ಸಲ ಎಳೆದು ನೋಡುವವರು. ಠಾಣೆಯಲ್ಲಿ ಹಿಂದಿನಿಂದ ‘ಎರಡ್ಸಲ ಸಾಹೇಬ್ರು’ ಎಂದೇ ಹೆಸರು. ಅವರು ದೂರು ತಂದಿದ್ದ ವೈದ್ಯೆಯತ್ತ ತಿರುಗಿದರು.

“ಸ್ವಲ್ಪ ಬಿಡಿಸಿ ಹೇಳಿ ಡಾಕ್ಟ್ರೇ.”

ಪ್ರಯೋಗಾಲಯದ ಮುಖ್ಯಸ್ಥೆ ಬಿಡಿಸಿ ಹೇಳಿದರು. ಕೆಲವರಿಗೆ ಚರ್ಮ ಬಿಗಿಯುತ್ತಾ ಹೋಗುತ್ತದೆ, ಬೆರಳಿನ ರಕ್ತನಾಳ ಕುಗ್ಗಿ ತುದಿ ಕಪ್ಪಾಗುತ್ತದೆ. ನಾಳಕ್ಕೆ ‘ಕುಗ್ಗು’ ಎಂದು ಹೇಳುವ ವಸ್ತುವಿನ ಹೆಸರು ಎಂಡೋಥೆಲಿನ್. ಅದು ಬಂದು ಕೂರುವ ಜಾಗವೇ ಗ್ರಾಹಕ. “ಆ ಗ್ರಾಹಕ ತಯಾರಿಸೋ ಜೀನ್ ಕೆಲವರಲ್ಲಿ ಜೋರಾಗಿ ಕೆಲಸ ಮಾಡುತ್ತೆ, ಕೆಲವರಲ್ಲಿ ಸುಮ್ಮನಿರುತ್ತೆ. ನಮ್ಮ ಹೊಸ ಔಷಧಿ ಆ ಜಾಗಕ್ಕೆ ಅಡ್ಡ ಕೂರುತ್ತೆ. ಜೀನ್ ಜೋರಾಗಿರೋರಿಗೆ ಮಾತ್ರ ಅದರಿಂದ ಉಪಯೋಗ.”

“ಮಿಕ್ಕೋರಿಗೆ ಕೊಟ್ರೆ?”

“ರೋಗ ಹಾಗೇ ಇರುತ್ತೆ. ಜೊತೆಗೆ ಲಿವರೂ ಹಾಳಾಗಬಹುದು.”

ಔಷಧಿ ಬಂದಿದ್ದದ್ದು ಹತ್ತೇ ಜನಕ್ಕೆ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಪಟ್ಟಿ ಕಳಿಸಬೇಕು. ನಳಿಕೆಗಳ ಮೇಲೆ ಬರೀ ನಂಬರು. ಗಂಡೋ ಹೆಣ್ಣೋ ಮುಖ್ಯಸ್ಥೆಗೆ ಮಾತ್ರ ಗೊತ್ತು. ಸೋಮವಾರ ಸಂಜೆ ಅವರು ಗಂಡಸರಲ್ಲಿ ಮಾತ್ರ ಇರುವ ಒಂದು ಜೀನನ್ನೂ ಸೇರಿಸಿ ಮರುಪರೀಕ್ಷೆ ಶುರುಮಾಡಿದಾಗ, ಮೂವತ್ತೊಂದನೇ ನಂಬರಿನ ಗಂಡಸಿನ ನಳಿಕೆಯಲ್ಲಿ ಹೆಂಗಸಿನ ಚರ್ಮವಿತ್ತು. ಯಾರೋ ಚೀಟಿ ಅದಲುಬದಲು ಮಾಡಿದ್ದರು. ಬೆಳಿಗ್ಗೆ ಉಳಿದವನ್ನು ನೋಡೋಣವೆಂದು ಫ್ರೀಜರ್ ತೆರೆದರೆ, ಒಂದರಿಂದ ಹನ್ನೆರಡರವರೆಗಿನ ಪೆಟ್ಟಿಗೆಯೇ ಇಲ್ಲ.

“ಮೂವತ್ತೊಂದರವರ ಚರ್ಮ ಮತ್ತೆ ತೆಗೀಬಹುದಲ್ಲ?”

“ಹೊಸ ಚರ್ಮಕ್ಕೆ ನಾಲ್ಕು ದಿನ ಬೇಕು. ಅವರ ಚರ್ಮ ಕಳುವಾದ ಪೆಟ್ಟಿಗೇಲೇ ಇರಬೇಕು, ಆ ಹಳೇ ನಳಿಕೆ ಸಿಕ್ಕಿದ್ರೆ ಆರು ಗಂಟೆ ಸಾಕು.”

ಎಫ್‌ಐಆರ್ ದಾಖಲಾಯಿತು. ಹನ್ನೊಂದು ಮುಕ್ಕಾಲಿಗೆ ಸ್ಥಳ ಪಂಚನಾಮೆ. ಪ್ರಯೋಗಾಲಯದ ಹೊರಗಿನ ಬೆಂಚಿನಲ್ಲಿ ಮೂವತ್ತೊಂದನೇ ನಂಬರಿನವರೇ ಕೂತಿದ್ದರು. ಗಡಿಯಾರ ರಿಪೇರಿಯವರು. ಬಲಗೈಯ ತೋರುಬೆರಳ ತುದಿ ಇದ್ದಿಲಿನಂತೆ ಕಪ್ಪಗಿತ್ತು.

“ಸ್ಕ್ರೂ ಹಿಡಿಯೋ ಬೆರಳು ಸಾರ್. ಈ ಔಷಧಿ ಇಲ್ಲ ಅಂದ್ರೆ ಶನಿವಾರ ಕತ್ತರಿಸ್ತಾರಂತೆ. ಸಿಗುತ್ತಲ್ವಾ ಪೆಟ್ಟಿಗೆ?”

ಇನ್‌ಸ್ಪೆಕ್ಟರ್ ಆ ಬೆರಳನ್ನು ಎರಡು ಸಲ ನೋಡಿ ಒಳಗೆ ನಡೆದರು.

ಫ್ರೀಜರಿನ ಬೀಗದ ಕೈ ಇದ್ದದ್ದು ಮೂವರ ಬಳಿ: ಮುಖ್ಯಸ್ಥೆ, ಹದಿನೆಂಟು ವರ್ಷದಿಂದ ಅಲ್ಲೇ ದುಡಿಯುತ್ತಿದ್ದ ತಂತ್ರಜ್ಞ, ಮತ್ತು ಕಾವಲುಗಾರ. ಬಾಗಿಲು ತೆರೆದಾಗಲೆಲ್ಲ ಪುಸ್ತಕದಲ್ಲಿ ಸಮಯ ಬರೆಯುವುದು ಅಲ್ಲಿನ ಪದ್ಧತಿ. ಪುಸ್ತಕದಲ್ಲಿ ಕೊನೆಯ ಬರಹ ಸೋಮವಾರ ಸಂಜೆಯದು. ಆದರೆ ಫ್ರೀಜರಿನ ಉಷ್ಣಮಾಪಕ ಕಾಗದದ ಮೇಲೆ ಎಳೆಯುವ ಗೆರೆ ಮಂಗಳವಾರ ಬೆಳಿಗ್ಗೆ ಏಳು ಹತ್ತಕ್ಕೆ ಚೂರೇ ಚೂರು ಮೇಲೆದ್ದಿತ್ತು.

“ಬಾಗ್ಲು ತೆಗೆದು ಜಾಸ್ತಿ ಹೊತ್ತು ಹುಡುಕಾಡಿಲ್ಲ,” ಎಂದರು ಇನ್‌ಸ್ಪೆಕ್ಟರ್. “ಎಲ್ಲಿದೆ ಅಂತ ಗೊತ್ತಿದ್ದೋರು.”

ಮುಖ್ಯಪೇದೆಯಮ್ಮ ಫ್ರೀಜರ್ ತೆರೆದು ಒಳಗೆ ಇಣುಕುತ್ತ ನಿಂತಳು. ಅಲ್ಲಿಯವರೆಗೆ ಕೇಳಿದ್ದಕ್ಕೆಲ್ಲ ತಣ್ಣಗೆ ಉತ್ತರಿಸುತ್ತಿದ್ದ ತಂತ್ರಜ್ಞ ಚಡಪಡಿಸಿದ.

“ಬಾಗ್ಲು ಮುಚ್ಚಿ ಮೇಡಂ. ಎಲ್ಲಾ ಹಾಳಾಗುತ್ತೆ.”

ಇನ್‌ಸ್ಪೆಕ್ಟರ್ ಗೋಡೆಯ ಮೇಲಿನ ಹಲಗೆ ನೋಡಿದರು, ಮತ್ತೊಂದು ಸಲ ನೋಡಿದರು. ಮೂರು ಥರ್ಮಕೋಲ್ ಡಬ್ಬಿಗಳಿದ್ದವು, ನಾಲ್ಕನೆಯದರ ಜಾಗದಲ್ಲಿ ಧೂಳಿಲ್ಲದ ಚೌಕ.

“ಆ ಡಬ್ಬೀಲಿ ಡ್ರೈ ಐಸ್ ತುಂಬಿದ್ರೆ ಎಷ್ಟು ಹೊತ್ತು ತಡೆಯುತ್ತೆ?” ಎಂದು ಮುಖ್ಯಸ್ಥೆಯನ್ನು ಆಚೆ ಕರೆದು ಕೇಳಿದರು.

“ಒಂದು ದಿನ. ಆಮೇಲೆ ಕರಗಿ ಕೆಟ್ಟುಹೋಗುತ್ತೆ.”

ಜೀಪಿನಲ್ಲಿ ಮುಖ್ಯಪೇದೆಯಮ್ಮ, “ಕದ್ದೋನು ಇಷ್ಟೊತ್ತಿಗೆ ಚರಂಡಿಗೆ ಚೆಲ್ಲಿರ್ತಾನೆ ಬಿಡಿ ಸಾರ್,” ಎಂದಳು.

“ಚೆಲ್ಲೋನಾದ್ರೆ ಐಸ್ ಡಬ್ಬಿ ಯಾಕೆ ಒಯ್ತಾನಮ್ಮಾ? ಕಾಪಾಡೋಕೆ ಒಯ್ದಿದ್ದಾನೆ. ನಾಳೆ ಬೆಳಿಗ್ಗೆ ಐಸಿಗೆ ಬರಲೇಬೇಕು.”

ಹೇಳುವುದೇನೋ ಹೇಳಿದರು. ಆದರೆ ಊಹೆ ತಪ್ಪಿದರೆ ಆ ಮನುಷ್ಯನ ಬೆರಳು ಹೋದಂತೆಯೇ.

ಬುಧವಾರ ಬೆಳಿಗ್ಗೆ ಆರೂವರೆಯಿಂದ ಇಬ್ಬರೂ ಮಫ್ತಿಯಲ್ಲಿ, ಪ್ರಯೋಗಾಲಯದ ಹಿಂದೆ ಡ್ರೈ ಐಸಿನ ತೊಟ್ಟಿ ಕಾಣುವಂತೆ ಗ್ಯಾಸ್ ಸಿಲಿಂಡರುಗಳ ಮರೆಯಲ್ಲಿ ನಿಂತರು. ಏಳಾಯಿತು. ಯಾರೂ ಇಲ್ಲ. ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡಿದ್ದೇ ನೋಡಿಕೊಂಡಿದ್ದು. ಏಳು ಹತ್ತಕ್ಕೆ ತಂತ್ರಜ್ಞ ಬಂದ. ಕೈಯಲ್ಲಿ ಊಟದ ಚೀಲ. ಐಸಿನ ತೊಟ್ಟಿಯ ಮುಚ್ಚಳ ತೆಗೆದು ಚೀಲಕ್ಕೆ ತುಂಬಿಕೊಳ್ಳತೊಡಗಿದ.

“ಯಾರಿಗಪ್ಪಾ ಐಸು?”

ಅವನು ಓಡಲಿಲ್ಲ. “ಟೈಮೆಷ್ಟಾಯ್ತು ಸಾರ್?” ಎಂದ. “ಬೇಗ ಹೋಗೋಣ. ಎಂಟರ ಮೇಲೆ ಅದು ತಡೆಯಲ್ಲ.”

ಬಂಧಿಸಿದವರೂ ಬಂಧಿತನೂ ಒಂದೇ ಆತಂಕದಲ್ಲಿ ಜೀಪು ಹತ್ತಿದರು. ಅವನ ಮನೆಯ ಹಿಂಬದಿಯ ಶೆಡ್ಡಿನಲ್ಲಿ, ಹಳೆಯ ಕಂಬಳಿ ಸುತ್ತಿದ ಡಬ್ಬಿಯಿತ್ತು. ತೆರೆದರೆ ತಳದಲ್ಲಿ ಇನ್ನೂ ಹಿಡಿಯಷ್ಟು ಐಸು ಉಳಿದಿತ್ತು. ಅವನೇ ಹೊಸ ಐಸು ತುಂಬಿಸಿದ. ಇನ್‌ಸ್ಪೆಕ್ಟರ್ ಮುಚ್ಚಳ ಒತ್ತಿದರು, ಎರಡನೇ ಸಲ ಒತ್ತಿ ನೋಡಿದರು. ಪಂಚರ ಎದುರು ಹನ್ನೆರಡೂ ನಳಿಕೆ ಎಣಿಸಿ ಜಪ್ತಿ ಪಂಚನಾಮೆ ಬರೆದು ಪ್ರಯೋಗಾಲಯಕ್ಕೆ ಒಯ್ದದ್ದು ಎಂಟೂ ನಲವತ್ತಕ್ಕೆ. ಮಧ್ಯಾಹ್ನ ಮೂರರ ಸುಮಾರಿಗೆ ಮುಖ್ಯಸ್ಥೆ ಫೋನ್ ಮಾಡಿದರು: ಎಂಟನೇ ನಂಬರಿನ ನಳಿಕೆಯಲ್ಲಿ ಗಂಡಸಿನ ಚರ್ಮ, ಜೀನ್ ಎಲ್ಲರಿಗಿಂತ ಜೋರು. ಗಡಿಯಾರದವರ ಹೆಸರು ಪಟ್ಟಿಗೆ ಸೇರಿತು. ಇನ್‌ಸ್ಪೆಕ್ಟರ್ ಉಸಿರು ಬಿಟ್ಟು ಕುರ್ಚಿಗೆ ಒರಗಿದರು.

“ಎಂಟು ಯಾರು?” ಎಂದು ಠಾಣೆಯಲ್ಲಿ ಎದುರು ಕೂತಿದ್ದ ತಂತ್ರಜ್ಞನನ್ನು ಕೇಳಿದರು.

“ನಮ್ಮಕ್ಕ,” ಎಂದ ತಂತ್ರಜ್ಞ. “ಸಂಬಂಧ ಯಾರಿಗೂ ಹೇಳಿರ್ಲಿಲ್ಲ. ನಂಬರು ಅವಳೇ ನಂಗೆ ಹೇಳಿದ್ಲು. ಪುಸ್ತಕ ಬೈಂಡಿಂಗ್ ಮಾಡಿ ನನ್ನನ್ನ ಓದಿಸಿದೋಳು. ಈಗ ಬೆರಳು ಮಡಿಸೋಕಾಗಲ್ಲ.”

“ಈ ಔಷಧಿ ಅವರಿಗೆ ನಾಟಲ್ಲ ಅಂತ ಗೊತ್ತಿರ್ಲಿಲ್ವಾ?”

“ಮೊದಲ ಅಂಕಿ ಓದಿದ್ದೇ ನಾನು ಸಾರ್. ಮೂರು ಸಲ ಓದಿದೆ. ಅವಳ ಜೀನ್ ಸುಮ್ಮನೇ ಇತ್ತು.”

“ಮತ್ಯಾಕಯ್ಯಾ?”

“ಅವತ್ತು ಮನೆಗೆ ಹೋದೆ. ‘ನಂದು ಚೆನ್ನಾಗಿ ಬಂತೇನೋ?’ ಅಂತ ಕೇಳಿದ್ಲು. ಹೂಂ ಅಂದ್ಬಿಟ್ಟೆ. ಮಾರನೇ ದಿನ ಜೀನ್ ಜೋರಿದ್ದ ಮೂವತ್ತೊಂದರ ಜೊತೆ ಅವಳ ಚೀಟಿ ಬದಲಾಯಿಸಿದೆ. ಎಂಟನ್ನೂ ನೋಡಿದ್ರೆ ಗೊತ್ತಾಗುತ್ತೆ ಅಂತ ಪೆಟ್ಟಿಗೆ ಒಯ್ದೆ, ಕೆಡಿಸೋಕೆ ಮನಸ್ಸು ಬರ್ಲಿಲ್ಲ.”

ಬಂಧನದ ವಿಷಯ ಮನೆಯವರಿಗೆ ತಿಳಿಸಿ ಸಹಿ ಪಡೆಯಬೇಕು. ಸಂಜೆ ಐದಕ್ಕೆ ಇನ್‌ಸ್ಪೆಕ್ಟರ್ ಅದೇ ಮಫ್ತಿಯಲ್ಲಿ ತಾವೇ ಹೋದರು. ಉಣ್ಣೆಯ ಕೈಗವಸು ತೊಟ್ಟ ಅಕ್ಕ ಬಾಗಿಲಿಗೆ ಬಂದಳು. ಬೆಳಿಗ್ಗೆ ಶೆಡ್ಡಿನ ಬಳಿ ಕಂಡಿದ್ದ ಇವರನ್ನು ಆಸ್ಪತ್ರೆಯವರೆಂದೇ ತಿಳಿದಿದ್ದಳು.

“ನಮ್ ತಮ್ಮ ಇನ್ನೂ ಬಂದಿಲ್ಲ ಸಾರ್. ಪಟ್ಟಿ ಆಯ್ತಂತಾ? ನನ್ನ ಹೆಸರಿದೆ ತಾನೇ?”

ಅವಳ ಮುಖ ನೋಡಿದರೆ ‘ಹೂಂ’ ಎನ್ನುವ ಶಬ್ದ ತಾನಾಗಿಯೇ ನಾಲಿಗೆಯ ತುದಿಗೆ ಬಂತು. ಇನ್‌ಸ್ಪೆಕ್ಟರ್ ಅದನ್ನು ನುಂಗಿಕೊಂಡರು.

“ಇಲ್ಲಮ್ಮ,” ಎಂದರು. “ಒಳಗೆ ಕೂತ್ಕೊಳ್ಳಿ, ಹೇಳ್ತೀನಿ.”