ಗಾಣದ ಓಣಿಯ ಎಚ್ಚರಹೂವು

ಪರದೆಯ ಮೇಲೆ ಗಾಣದ ಓಣಿಯ ಹೆಸರಿನ ಮುಂದೆ ಹಸಿರು ದೀಪ ಉರಿಯುತ್ತಿತ್ತು. ಕೆಂಪು ಹೂವು ಒಂದೂ ಇಲ್ಲ, ಆದ್ದರಿಂದ ಅಪಾಯವಿಲ್ಲ ಎಂದು ಅದರ ಅರ್ಥ. ಆದರೆ ಆ ಹಸಿರನ್ನು ನೋಡಿ ಡಾ. ಶಾರ್ವರಿಯ ಮೈ ಉರಿಯಿತು. ಹೂಕುಂಡಗಳಿಗೆ ಜೋಡಿಸಿದ್ದ ಕ್ಯಾಮೆರಾ ಕಳಿಸಿದ ಚಿತ್ರದಲ್ಲಿ ಬಿಳಿ ಹೂವೂ ಇರಲಿಲ್ಲ. ಬರೀ ಎಲೆ, ಬರೀ ತೊಟ್ಟು.

“ಮತ್ತೆ ಕಿತ್ತುಕೊಂಡು ಹೋಗಿದ್ದಾರೆ!” ಎಂದು ಗೊಣಗುತ್ತ ಆಕೆ ಕಾರಿನ ಕೀಲಿ ಎತ್ತಿಕೊಂಡಳು.

ಹುಬ್ಬಳ್ಳಿಯ ಮನೆಗಳಿಗೆ ಆಗ ಅಡುಗೆಯ ಅನಿಲ ನೆಲದಡಿಯ ಕೊಳವೆಗಳಲ್ಲಿ ಬರುತ್ತಿತ್ತು. ಊರಿನ ಕಸವನ್ನೇ ಕಾಯಿಸಿ ತಯಾರಿಸುತ್ತಿದ್ದ ಆ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಬೆರೆತಿರುತ್ತಿತ್ತು. ಅದು ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ. ಸೋರಿದರೆ ಗೊತ್ತಾಗಲೆಂದು ನಾರುವ ದ್ರವ್ಯವೊಂದನ್ನು ಸೇರಿಸುತ್ತಿದ್ದರು, ನಿಜ. ಆದರೆ ಅಲ್ಲಿಯದು ಎರೆಮಣ್ಣು. ಬೇಸಿಗೆಗೆ ಬಿರಿದು, ಮಳೆಗೆ ಉಬ್ಬಿ ಕೊಳವೆಗಳನ್ನು ಹಿಂಡುತ್ತದೆ. ಸೋರಿದ ಅನಿಲದ ನಾತವನ್ನು ತಾನು ಹೀರಿಕೊಂಡು ವಿಷವನ್ನು ಮಾತ್ರ ಮೇಲಕ್ಕೆ ಬಿಡುತ್ತದೆ. ಹಿಂದಿನ ವರ್ಷ ಒಂದು ಮನೆಯಲ್ಲಿ ಮಲಗಿದವರು ಮಲಗಿದಂತೆಯೇ ಹೋಗಿಬಿಟ್ಟಿದ್ದರು.

ಅದಕ್ಕೆಂದೇ ಶಾರ್ವರಿ ಎಚ್ಚರಹೂವನ್ನು ಸೃಷ್ಟಿಸಿದ್ದಳು. ಒಂದೇ ಹಂಗಾಮು ಬದುಕುವ ಆಸ್ಟರ್ ಗಿಡದ ಪಕಳೆಗಳಲ್ಲಿ, ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ನೆಂಟನಾದ ಪ್ರೋಟೀನೊಂದನ್ನು ಬೆಳೆಸಿದ್ದಳು. ಈ ವಿಷ ತಾಗಿದರೆ ಸಾಕು, ಬಿಳಿ ಪಕಳೆ ಕೆಂಪಾಗುತ್ತಿತ್ತು. ಬೀದಿಬೀದಿಯ ಕುಂಡಗಳಲ್ಲಿ ಜಿನಿಯಾ, ಪೆಟೂನಿಯಾ, ಚೆಂಡುಹೂಗಳ ನಡುವೆ ಅದನ್ನೂ ನೆಟ್ಟರು. ಊರಿಗೆ ಚೆಂದವೂ ಆಯಿತು, ಕಾವಲೂ ಆಯಿತು. ಬಿಸಿಲು, ಹುಳು, ದೂಳು ಎಲ್ಲವನ್ನೂ ಯೋಚಿಸಿದ್ದ ವಿಜ್ಞಾನಿ, ನಸುಕಿನಲ್ಲಿ ಕೈಚೀಲ ಹಿಡಿದು ವಾಕಿಂಗ್ ಹೊರಡುವ ನಮ್ಮ ಜನರನ್ನು ಮಾತ್ರ ಮರೆತಿದ್ದಳು. ಯಾರ ಕಂಪೌಂಡಿನಲ್ಲಿ ಅರಳಿದರೂ ಅದು ದೇವರ ಹೂವೇ ಎಂದು ತಿಳಿಯುವವರು ನಾವು. ಅಷ್ಟೂ ಗೊತ್ತಿರಲಿಲ್ಲವಲ್ಲ ಆಕೆಗೆ!

ಓಣಿಯ ಬಾಯಲ್ಲೇ ಕಳ್ಳಿ ಸಿಕ್ಕಿಬಿದ್ದಳು. ಸ್ಟೀಲಿನ ತಾಟಿನ ತುಂಬ ಬಿಳಿ ಹೂವು ಹಿಡಿದಿದ್ದ ನಿವೃತ್ತ ಶಾಲಾಶಿಕ್ಷಕಿ ದಾಕ್ಷಾಯಣಮ್ಮ.

“ಫಲಕ ಓದಲಿಲ್ವಾ ನೀವು? ಹೂ ಕೀಳಬಾರದು ಅಂತ ಬರೆದಿದೆ,” ಎಂದಳು ಶಾರ್ವರಿ.

“ಓದೇನಿ. ಕಾಲೇಜ್ ಹುಡುಗರಿಗೆ ಬರದದ್ದು ಅಂತ ತಿಳದಿದ್ದೆ.”

“ಇದು ಕಳ್ಳತನ.”

“ದೇವರಿಗೆ ಏರಸೂದಕ್ಕ ಕಳ್ಳತನ ಅಂತಾರೇನ್ರೀ? ಅದೂ ನನ್ನೊಬ್ಬಾಕಿಗಲ್ಲ. ದಿನಾ ಇಡೀ ಓಣಿಗೆ ಹಂಚತೇನಿ, ಮನೀಗೆ ನಾಕ್ನಾಕು.”

“ಅಮ್ಮಾ, ಇದು ಪೂಜೆಯ ಹೂವಲ್ಲ, ಯಂತ್ರ! ನಾಳೆಯಿಂದ ಇಲ್ಲಿ ಕಾವಲು ಹಾಕಿಸ್ತೀನಿ.”

ದಾಕ್ಷಾಯಣಮ್ಮನಿಗೆ ಸಿಟ್ಟು ನೆತ್ತಿಗೇರಿತು. “ಹಾಕಸ್ರಿ! ನೀವು ಒಪ್ಪದಿದ್ರೇನಾತು, ದೇವಿ ಒಪ್ಯಾಳ. ಮೂಲಿ ಮನಿ ಶಕುಂತಲಾ ಈಗಿನ್ನ ಫೋನ್ ಮಾಡಿದ್ಲು. ನಿನ್ನೆ ನಾ ಕೊಟ್ಟ ಬಿಳೇ ಹೂವು ಅಂಬಾಭವಾನಿ ಮುಂದ ತಾನಾಗೇ ಕೆಂಪ ಆಗ್ಯಾವಂತ! ಮೈಮ್ಯಾಲೆ ದೇವಿ ಬಂದಂಗ ಆಗಿ ಆಕಿಗೆ ತಲಿ ತಿರಗಾಕ ಹತ್ತೇತಂತ. ಕೂಸಿನ್ನ ಮಗ್ಗಲಾಗ ಹಾಕ್ಕೊಂಡು, ಬಾಗಲಾ ಹಾಕಿ ಧ್ಯಾನಕ್ಕ ಕುಂತಾಳ.”

ಶಾರ್ವರಿ ಆಕೆಯ ತೋಳು ಹಿಡಿದಳು. “ಯಾವ ಮನೆ?”

“ಯಾಕ್ರೀ?”

“ಓಡಿ, ತೋರಿಸಿ! ಅದು ದೇವಿಯಲ್ಲ, ವಿಷ!”

ಮೂಲೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಬಡಿದರು, ಕೂಗಿದರು. ಒಳಗಿನಿಂದ ಸದ್ದಿಲ್ಲ. ಪಕ್ಕದ ಕಿಟಕಿಯ ಗಾಜಿನಲ್ಲಿ ಕಂಡದ್ದು ಗೋಡೆಗೆ ಒರಗಿ ಕತ್ತು ವಾಲಿಸಿದ್ದ ಶಕುಂತಲಾ, ಮಗ್ಗುಲಲ್ಲಿ ಅಲುಗಾಡದ ಕೂಸು, ದೇವರ ಮುಂದೆ ಉರಿಯುತ್ತಿದ್ದ ದೀಪ. ಅನಿಲ ಇನ್ನಷ್ಟು ತುಂಬಿದರೆ ಆ ಒಂದು ಬತ್ತಿಗೇ ಮನೆ ಸಿಡಿಯುತ್ತದೆಂದು ಶಾರ್ವರಿಗೆ ಗೊತ್ತಿತ್ತು. ಆಕೆ ಫೋನಿಗಾಗಿ ತಡಕಾಡತೊಡಗಿದಳು.

ತಡಮಾಡದವಳು ದಾಕ್ಷಾಯಣಮ್ಮ. ಕೈಯಲ್ಲಿದ್ದ ತಾಟಿನಿಂದಲೇ ಗಾಜಿಗೆ ಬಲವಾಗಿ ಬಾರಿಸಿದಳು. ಗಾಜು ಒಡೆಯಿತು, ಹೂವು ಕಿಟಕಿಯ ಕಟ್ಟೆಯ ತುಂಬ ಚೆಲ್ಲಿದವು. ಒಳಗಿನ ಗಾಳಿ ಹೊರಗೆ ನುಗ್ಗಿದಂತೆ ಆ ಬಿಳಿ ಹೂವುಗಳು ಅಂಚಿನಿಂದ ಕೆಂಪಾಗುತ್ತ ಬಂದವು. ದಾಕ್ಷಾಯಣಮ್ಮ ಅದನ್ನು ನೋಡಿದಳು. ಆಗ ಅವಳಿಗೂ ಭಯವಾಯಿತು.

ಶಾರ್ವರಿ ಕೈ ತೂರಿಸಿ ಚಿಲಕ ತೆಗೆದು, ಉಸಿರು ಬಿಗಿಹಿಡಿದು ಒಳನುಗ್ಗಿ ಕೂಸನ್ನು ಬಾಚಿಕೊಂಡಳು. ದಾಕ್ಷಾಯಣಮ್ಮ ದೀಪವನ್ನು ಕೈಯಿಂದ ಆರಿಸಿ, ಶಕುಂತಲಾಳ ರಟ್ಟೆ ಹಿಡಿದು ದರದರನೆ ಎಳೆದು ತಂದಳು. ಬೀದಿಯ ಗಾಳಿ ಬಡಿದು ಶಕುಂತಲಾ ಕೆಮ್ಮಿದಳು. ಕೂಸು ಅಳಲಿಲ್ಲ.

“ಅಳೋ, ನಮ್ಮಪ್ಪಾ! ಅಳೋ!” ದಾಕ್ಷಾಯಣಮ್ಮ ಅದರ ಅಂಗಾಲು ತಿಕ್ಕಿದಳು. ಶಾರ್ವರಿ ಪುಟ್ಟ ಬಾಯಿಗೆ ಬಾಯಿಟ್ಟು ಉಸಿರು ತುಂಬಿದಳು. ಮತ್ತೆ ತುಂಬಿದಳು. ಕೊನೆಗೆ ಕೂಸು ಮುಖ ಕಿವುಚಿ ಕಿಟಾರನೆ ಕಿರುಚಿತು. ಅಷ್ಟು ಹಿತವಾದ ಸದ್ದನ್ನು ತಾನು ಎಂದೂ ಕೇಳಿರಲಿಲ್ಲ ಎನ್ನಿಸಿ ಶಾರ್ವರಿ ನಡುಬೀದಿಯಲ್ಲೇ ಅತ್ತುಬಿಟ್ಟಳು.

ಆದರೆ ಸೋರಿಕೆ ಇನ್ನೂ ನಿಂತಿರಲಿಲ್ಲ. ಅನಿಲ ನಿಲ್ಲಿಸಲು ಕಂಪನಿಗೆ ಫೋನ್ ಮಾಡಿದರೆ, “ನಿಮ್ಮ ಪರದೇಲಿ ಹಸಿರೇ ಇದೆಯಲ್ಲ ಮೇಡಂ?” ಎಂದರು. ಶಾರ್ವರಿ ಅವರಿಗೆ ಬಾಯಿಗೆ ಬಂದಂತೆ ಬೈದು, ಓಣಿಯ ಕಡೆ ತಿರುಗಿ ಕೂಗಿದಳು:

“ಎಲ್ಲರೂ ದೇವರ ಮುಂದಿನ ಹೂವು ನೋಡಿ! ಕೆಂಪಾಗಿದ್ದರೆ ಹೊರಗೆ ಬನ್ನಿ!”

“ನಮ್ಮದು ಬಿಳೇದೈತ್ರೀ!”

“ಯಕ್ಕಾ, ನಮ್ಮದು ಕೆಂಪ!”

ಬಾಗಿಲುಬಾಗಿಲಿನಿಂದ ಉತ್ತರ ಬಂತು. ಕೆಂಪು ಬಂದ ಮನೆಗಳೆಲ್ಲ ಒಂದೇ ಸಾಲಿನಲ್ಲಿದ್ದವು. ಆ ಸಾಲಿನ ಚರಂಡಿಯ ಕೆಳಗೇ ಕೊಳವೆ ಸೀಳಿತ್ತು; ಜಾಗ ತೋರಿಸಿದ ಮೇಲೆ ಕಂಪನಿಯವರು ಅನಿಲ ನಿಲ್ಲಿಸಿದರು. ಬೀದಿಯ ಕುಂಡದಲ್ಲೇ ಉಳಿದಿದ್ದರೆ ಹೂವು ಬೀದಿಯ ಗಾಳಿಯನ್ನಷ್ಟೇ ಕಾಯುತ್ತಿತ್ತು. ಕದ್ದು ಹಂಚಿದ್ದರಿಂದ ಮನೆಮನೆಯ ಒಳಗೂ ಕಾವಲು ಕೂತಿತ್ತು.

ಪಾಠ ಕಲಿತ ಶಾರ್ವರಿ ಮುಂದಿನ ಹಂಗಾಮಿಗೆ ಎಚ್ಚರಹೂವಿನ ಸಸಿಗಳನ್ನು ಮನೆಮನೆಗೆ ಪುಕ್ಕಟೆ ಹಂಚಿಸಿದಳು. ತಿಂಗಳು ಬಿಟ್ಟು ಬಂದು ನೋಡಿದರೆ ಅರ್ಧ ಸಸಿ ಮಾಳಿಗೆಯಲ್ಲಿ ಒಣಗಿದ್ದವು. ಮಿಕ್ಕವು ಅರಳಿದ್ದರೂ ಯಾರೂ ಕಿತ್ತು ಒಳಗೆ ಒಯ್ದಿರಲಿಲ್ಲ.

“ಯಾಕಮ್ಮಾ?” ಎಂದು ದಾಕ್ಷಾಯಣಮ್ಮನನ್ನು ಕೇಳಿದಳು.

“ಮನ್ಯಾಗಿನ ಹೂವು ಗಿಡದಾಗ ಚೆಂದ ಅಂತಾರ್ರೀ. ಹರೀಲಿಕ್ಕೆ ಮನಸ್ಸು ಬರೂದುಲ್ಲ. ದೇವರಿಗೆ ಹೊರಗಿಂದ ತರೂದು ರೂಢಿ.”

ಶಾರ್ವರಿ ನಗರದ ತೋಟಗಾರಿಕೆಯವರಿಗೆ ಹೇಳಿ ಬೀದಿಯ ಕುಂಡಗಳಲ್ಲಿ ಹೂಬಿಟ್ಟ ಗಿಡಗಳನ್ನು ಎರಡು ಪಟ್ಟು ನೆಡಿಸಿದಳು. ಕುಂಡಗಳಿಗೆಂದು ನೇಮಿಸಿದ್ದ ಕಾವಲುಗಾರನನ್ನು ಬೇರೆ ಕೆಲಸಕ್ಕೆ ಹಾಕಿಸಿದಳು.

“ಹಾಗಾದರೆ ಈ ಫಲಕ ಕಿತ್ತು ಹಾಕೋಣವೇ ಮೇಡಂ?” ಎಂದು ಮಾಲಿ ಕೇಳಿದ.

“ಬೇಡ ಬೇಡ,” ಎಂದಳು ಶಾರ್ವರಿ. “ಅದು ಇದ್ದರೇ ಕೀಳುತ್ತಾರೆ. ಅಕ್ಷರ ಇನ್ನಷ್ಟು ದೊಡ್ಡದಾಗಿ ಬರೆಸಿ.”

ಮರುದಿನ ಹೊತ್ತು ಹುಟ್ಟುವಷ್ಟರಲ್ಲಿ ಗಾಣದ ಓಣಿಯ ಕುಂಡಗಳು ಬೋಳಾಗಿದ್ದವು. ಪರದೆಯ ಮೇಲೆ ಅದನ್ನು ನೋಡಿ ಶಾರ್ವರಿ ನೆಮ್ಮದಿಯಿಂದ ಚಹಾ ಕುಡಿದಳು.