ಕ್ಯಾಸೆಟ್ಟಿನಲ್ಲಿ ಎಚ್ ಇಲ್ಲ

“ಈ ಟೇಪ್ ರೆಕಾರ್ಡರು ಎಚ್ ನುಂಗ್ತದೆ ಕಣ್ರೀ. ವಸಿ ನೋಡಿ.”

ರವೀಂದ್ರ ಸಾಲ್ಡರಿಂಗ್ ಐರನ್ ಕೆಳಗಿಟ್ಟು ತಲೆಯೆತ್ತಿದ. ಪಾಂಡವಪುರ ಬಸ್ ನಿಲ್ದಾಣದ ಎದುರು ಅವನು ರೇಡಿಯೋ ರಿಪೇರಿ ಅಂಗಡಿ ತೆರೆದು ಆರು ವರ್ಷವಾಗಿತ್ತು. ಟೇಪು ನುಂಗುವ ಸೆಟ್ಟುಗಳನ್ನು ಜನ ತಂದಿದ್ದರು. ಅಕ್ಷರ ನುಂಗುವ ಸೆಟ್ಟನ್ನು ಯಾರೂ ತಂದಿರಲಿಲ್ಲ.

“ಏನು ನುಂಗ್ತದೆ ಅಂದ್ರಿ, ಸಿಸ್ಟರ್?” ಬಿಳಿ ಸೀರೆಯನ್ನೂ ಭುಜದ ಹತ್ತಿರ ಪಿನ್ನು ಹಾಕಿದ್ದ ಪುಟ್ಟ ಗಡಿಯಾರವನ್ನೂ ನೋಡಿ ಹಾಗೆ ಕರೆದ.

“ಎಚ್. ಇಂಗ್ಲಿಷ್ ಎಚ್ಚು.”

ಅವಳು ಪರ್ಸಿನಿಂದ ಒಂದು ಚೀಟಿ ತೆಗೆದು ಗಾಜಿನ ಕೌಂಟರಿನ ಮೇಲಿಟ್ಟಳು. ಕೆಂಪು ಶಾಯಿಯಲ್ಲಿ ಒಂದೇ ಸಾಲು: ‘ಕ್ಯಾಸೆಟ್ಟಿನಲ್ಲಿ ಎಚ್ ಇಲ್ಲ.’ ಕೆಳಗೆ ರುಕ್ಮಿಣಮ್ಮನವರ ಸಹಿ. ಶ್ರೀರಂಗಪಟ್ಟಣದಲ್ಲಿರುವ ನಿವೃತ್ತ ಇಂಗ್ಲಿಷ್ ಟೀಚರಂತೆ. ಇವಳು ಮಾತಾಡಿ ಕಳಿಸಿದ ಕ್ಯಾಸೆಟ್ ಕೇಳಿ ತಿದ್ದುತ್ತಾರಂತೆ.

ರವೀಂದ್ರ ಖಾಲಿ ಕ್ಯಾಸೆಟ್ ಹಾಕಿ, ರೆಕಾರ್ಡ್ ಒತ್ತಿ, “ಅಲೋ, ಅಲೋ, ಮೈಕ್ ಟೆಸ್ಟಿಂಗ್” ಅಂದ. ಹಿಂದಕ್ಕೆ ತಿರುಗಿಸಿ ಹಾಕಿದ. ‘ಅಲೋ, ಅಲೋ’ ಅಂತು ಸೆಟ್ಟು.

“ನೋಡಿ! ನಿಮ್ದೂ ನುಂಗ್ತು,” ಅಂದಳು ಅವಳು.

“ಎಡ್ಡು ಕೊಳೆಯಾಗಿರ್ಬೇಕು.”

ಟೇಪಿಗೆ ತಾಗಿ ಸದ್ದು ಹಿಡಿಯುವ ಹೆಡ್ಡನ್ನು ಸ್ಪಿರಿಟ್ ಹಾಕಿ ಒರೆಸಿದ. ಮತ್ತೆ ಅಲೋ. ಅಂಗಡಿಯ ಸ್ವಂತ ಡೆಕ್ಕಿನಲ್ಲಿ ಹೊಸದಾಗಿ ರೆಕಾರ್ಡ್ ಮಾಡಿ ಕೇಳಿದ. ಅಲ್ಲಿಯೂ ಅಲೋ. ಎರಡೂ ಸೆಟ್ಟು ಒಟ್ಟಿಗೆ ಹೇಗೆ ಕೆಟ್ಟವು ಎಂದು ಹಣೆ ಉಜ್ಜಿಕೊಂಡು ಮತ್ತೊಮ್ಮೆ ರೆಕಾರ್ಡ್ ಒತ್ತಿದ. ಆಗ ಬೆಂಚಿನ ಮೇಲೆ ತಮ್ಮ ಟ್ರಾನ್ಸಿಸ್ಟರಿಗಾಗಿ ಕಾದಿದ್ದ ದೇವಸ್ಥಾನದ ಶಾಮಣ್ಣನವರು ಬಾಯಿ ತೆರೆದರು.

“ಹರಿ ಹರಿ! ಅದೇನಪ್ಪಾ ಅಂಥ ಕಾಯಿಲೆ, ಎರಡು ಮೆಷೀನಿಗೂ?”

ಅದೂ ಟೇಪಿಗೆ ಸೇರಿತ್ತು. ರವೀಂದ್ರ ಹಿಂದಕ್ಕೆ ತಿರುಗಿಸಿದ. ‘ಹರಿ ಹರಿ’ ಎಂದಿತು ಸೆಟ್ಟು, ಎರಡೂ ‘ಹ’ಗಳನ್ನು ಬಿಡಿಸಿಟ್ಟಂತೆ.

“ಮೆಷೀನು ನೆಟ್ಟಗಿದೆಯಪ್ಪಾ,” ಅಂದರು ಶಾಮಣ್ಣನವರು. “ರಿಪೇರಿ ಆಗಬೇಕಾಗಿರೋದು ನಿಮ್ಮಿಬ್ಬರಿಗೆ.”

ರವೀಂದ್ರ ನಕ್ಕ. ಅವಳು ನಗಲಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಆ ಮುಷ್ಟಿ ನೋಡಿ ಅವನ ನಗು ಅರ್ಧಕ್ಕೆ ನಿಂತಿತು.

ಅವಳ ಹೆಸರು ಪ್ರಮೀಳಾ, ಊರು ತೊಣ್ಣೂರು. ಪಾಂಡವಪುರದ ನರ್ಸಿಂಗ್ ಹೋಮೊಂದರಲ್ಲಿ ಸ್ಟಾಫ್ ನರ್ಸ್. ಅಮೆರಿಕದ ಆಸ್ಪತ್ರೆಯೊಂದು ಕೆಲಸ ಕೊಡುವುದಾಗಿ ಪತ್ರ ಬರೆದಿತ್ತು. ನರ್ಸಿಂಗ್ ಪರೀಕ್ಷೆ ಮುಗಿದಿತ್ತು, ಇಂಗ್ಲಿಷ್ ಬರೆಯುವ ಪರೀಕ್ಷೆಯೂ ಮುಗಿದಿತ್ತು. ವೀಸಾಕ್ಕೆ ಉಳಿದಿದ್ದದ್ದು ಇಂಗ್ಲಿಷ್ ಮಾತಾಡುವ ಪರೀಕ್ಷೆ. ಎದುರಿಗೆ ಯಾರೂ ಇರುವುದಿಲ್ಲ. ಕಿವಿಗೆ ಹೆಡ್‌ಫೋನ್, ಮುಂದೆ ಮೈಕು. ಇಪ್ಪತ್ತು ನಿಮಿಷ ಟೇಪಿಗೆ ಉತ್ತರ ಹೇಳಬೇಕು. ಆ ಟೇಪು ಅಮೆರಿಕಕ್ಕೆ ಹೋಗುತ್ತದೆ, ಅಂಕ ಅಂಚೆಯಲ್ಲಿ ಬರುತ್ತದೆ. ಕಳೆದ ವರ್ಷ ಉಚ್ಚಾರಣೆಯಲ್ಲಿ ಅವಳ ಅಂಕ ಸಾಲದೆ ಹೋಗಿತ್ತು.

“ಈ ಸಲ ಜೂನಲ್ಲಿ, ಬೆಂಗಳೂರಲ್ಲಿ. ಇದೇ ಕೊನೆ,” ಅಂದಳು. ಅದು ೧೯೯೪ರ ಮಾರ್ಚ್. “ಸೆಪ್ಟೆಂಬರಿಗೆ ಆ ಪತ್ರದ ವಾಯಿದೆ ಮುಗೀತದೆ. ಆಗ್ನಿಲ್ಲ ಅಂದ್ರೆ ನಮ್ಮವ್ವ ನಾಗಮಂಗಲದ ಗಂಡಿಗೆ ಊಂ ಅಂದ್ಬುಡ್ತದೆ.”

“ವಾರಕ್ಕೆ ಮೂರು ದಿನ ಬನ್ನಿ, ಸಿಸ್ಟರ್. ಇಲ್ಲೇ ರೆಕಾರ್ಡ್ ಮಾಡವ.”

ಹೇಳಿಬಿಟ್ಟ ಮೇಲೆ ಯೋಚಿಸಿದ. ಪಾಸಾದರೆ ಅಮೆರಿಕ, ಫೇಲಾದರೆ ನಾಗಮಂಗಲ. ಎರಡರಲ್ಲೂ ಪಾಂಡವಪುರ ಇರಲಿಲ್ಲ.

ಡ್ಯೂಟಿ ಮುಗಿಸಿ ಐದೂವರೆಗೆ ಬರುತ್ತಿದ್ದಳು. ತೊಣ್ಣೂರಿನ ಬಸ್ಸು ಆರೂ ಇಪ್ಪತ್ತಕ್ಕೆ. ನಡುವೆ ಐವತ್ತು ನಿಮಿಷ.

ನರ್ಸಿಗೆ ಬೇಕಾದ ಪದಗಳೆಲ್ಲ ಎಚ್‌ನಿಂದಲೇ ಶುರುವಾಗುತ್ತವೆ ಎಂಬುದು ಮೊದಲ ವಾರದಲ್ಲಿ ಗೊತ್ತಾಯಿತು. ಹೆಡ್, ಹ್ಯಾಂಡ್, ಹಾರ್ಟ್, ಹಿಪ್. ಅವಳ ಬಾಯಲ್ಲಿ ಅವು ಎಡ್, ಆ್ಯಂಡ್, ಆರ್ಟ್, ಇಪ್. ಸದ್ದಿನ ಮಟ್ಟ ತೋರಿಸುವ ಡೆಕ್ಕಿನ ಮುಳ್ಳು ಪ್ರತಿ ಸಲವೂ ಉಸಿರಿಗೆ ಅಲುಗದೆ ನೇರ ಸ್ವರಕ್ಕೇ ನೆಗೆಯುತ್ತಿತ್ತು.

“ಉಟ್ಟಿದ್ದೇ ಇಂಗೆ, ಏನ್ಮಾಡ್ಲಿ?” ಅಂದಳು ಒಂದು ದಿನ, ಕಣ್ಣು ತುಂಬಿಕೊಂಡು.

ರವೀಂದ್ರ ಕೈಗೆ ಸಿಕ್ಕ ಪುಟ್ಟ ಕನ್ನಡಿ ಒರೆಸತೊಡಗಿದ. ಸೆಟ್ಟಿನ ಒಳಮೂಲೆ ನೋಡಲು ಇಟ್ಟುಕೊಂಡ ಕನ್ನಡಿ ಅದು. ಬಾಯಿಯ ಹತ್ತಿರ ತಂದು ಉಸಿರು ಬಿಟ್ಟ: ‘ಹಾ.’

ಕೈ ಅಲ್ಲೇ ನಿಂತಿತು.

“ಇದೇ ಕಣ್ರೀ! ಕನ್ನಡಿ ಒರ್ಸಕೆ ಬುಡ್ತೀವಲ್ಲ ಉಸ್ರು, ಅದೇ ಎಚ್ಚು. ತಗಳಿ, ಎಡ್ ಅನ್ನಿ.”

“ಎಡ್.” ಕನ್ನಡಿ ತಿಳಿಯಾಗಿಯೇ ಇತ್ತು.

“ಮೊದ್ಲು ಉಸ್ರು ಬುಡಿ. ಆಮೇಲೆ ಪದ.”

ಅವಳು ಕಣ್ಣು ಮುಚ್ಚಿ ಉಸಿರೆಳೆದಳು. “ಹ… ಹೆಡ್.”

ಕನ್ನಡಿಯ ಮೇಲೆ ಎಂಟಾಣೆಯಷ್ಟು ಮಂಜು ಕಟ್ಟಿತು. ಅದರ ಮೇಲಿಂದ ಎರಡು ಕಣ್ಣುಗಳು ಅವನನ್ನು ನೋಡಿದವು, ಗೆದ್ದ ಮಗುವಿನ ಹಾಗೆ. ರವೀಂದ್ರ ಅವಸರವಾಗಿ ಮುಳ್ಳಿನ ಕಡೆ ತಿರುಗಿದ. ಅವಳು ಬಸ್ಸಿಗೆ ಹೋದ ಮೇಲೆ, ಆ ದಿನ ಕನ್ನಡಿಯನ್ನು ಅವನು ಒರೆಸಲಿಲ್ಲ. ಮಂಜು ತಾನಾಗಿಯೇ ಯಾವಾಗಲೋ ಆರಿತ್ತು.

ಏಪ್ರಿಲ್‌ನಲ್ಲಿ ರುಕ್ಮಿಣಮ್ಮನವರ ಎರಡನೇ ಚೀಟಿ ಬಂತು: ‘ಎಚ್ ಬಂದಿದೆ. ಬೇಡದ ಕಡೆಗೂ ಬಂದಿದೆ. ಆರ್ಮ್ ಅಂದರೆ ತೋಳು, ಹಾರ್ಮ್ ಅಂದರೆ ಕೇಡು. ರೋಗಿಯ ತೋಳಿಗೆ ಇಂಜೆಕ್ಷನ್ ಕೊಡು ತಾಯಿ, ಕೇಡಿಗಲ್ಲ.’

ಇಬ್ಬರೂ ಕೌಂಟರಿನ ಎರಡು ಕಡೆ ಬಗ್ಗಿ ನಕ್ಕರು.

“ನಕ್ಕಿದ್ದು ಸಾಕು, ಸಿಸ್ಟರ್. ಟೈಮಾಯ್ತು.”

“ಆಸ್ಪತ್ರೇಲಿ ಸಿಸ್ಟರು. ಇಲ್ಲೂ ಯಾಕೆ?”

“ಮತ್ತೇನನ್ಲಿ?”

“ಊರೋರೆಲ್ಲ ನಿಮ್ಮನ್ನ ರವಿಯಣ್ಣ ಅಂತಾರೆ. ನಾನು ಒಂದಿನಾನಾರ ಅಂದಿದ್ದೀನಾ?” ಚೀಟಿಯನ್ನು ಮಡಿಸುತ್ತಾ, ಅವನ ಮುಖ ನೋಡದೆ ಅಂದಳು. “ನೀವು ಸಿಸ್ಟರ್ ಅನ್ನದು ಬುಟ್ರೆ ನಾನು ಅಣ್ಣ ಅನ್ನಾಕಿಲ್ಲ.”

ಅಂದಿನಿಂದ ಅವನು ಪ್ರಮೀಳಾ ಅಂದ. ಪ್ರತಿ ಸಲ ಹೇಳುವ ಮೊದಲು ಒಂದು ಉಸಿರು ಬೇಕಾಗುತ್ತಿತ್ತು; ಅದರಲ್ಲಿ ಎಚ್ ಇಲ್ಲದಿದ್ದರೂ.

ಮೇ ಕೊನೆಗೆ ರುಕ್ಮಿಣಮ್ಮನವರು ಒಂದು ವಾಕ್ಯ ಬರೆದು ಕಳಿಸಿದರು. ಹರ್ ಹಸ್ಬೆಂಡ್ ಹರೀಡ್ ಹೋಮ್ ಫ್ರಮ್ ದ ಹಾಸ್ಪಿಟಲ್. ಅವಳ ಗಂಡ ಆಸ್ಪತ್ರೆಯಿಂದ ಮನೆಗೆ ಧಾವಿಸಿದ. ಇಷ್ಟು ಸರಿಯಾಗಿ ಬಂದರೆ ಎಲ್ಲ ಬಂದಂತೆ ಎಂದಿದ್ದರು.

“ಹರ್ ಅಸ್ಬೆಂಡ್ ಹರೀಡ್ ಹೋಮ್ ಫ್ರಮ್ ದ ಹಾಸ್ಪಿಟಲ್,” ಎಂದಳು ಪ್ರಮೀಳಾ.

ಎಲ್ಲ ಬಂದಿತ್ತು, ಒಂದು ಬಿಟ್ಟು. ಮತ್ತೆ ಹೇಳಿಸಿದ. ಮತ್ತೆ ಅಸ್ಬೆಂಡ್. ತಿದ್ದಬೇಕಾದರೆ ಆ ಪದವನ್ನು ಅವಳ ಮುಖ ನೋಡಿ ಅವನೇ ಹೇಳಬೇಕು. ಅವನು ಟೇಪನ್ನು ಹಿಂದಕ್ಕೆ ತಿರುಗಿಸಿದ. ನಾಳೆ ಹೇಳಿದರಾಯಿತು ಎಂದುಕೊಂಡ. ಹಾಗೆಯೇ ಎಂಟು ನಾಳೆಗಳು ಕಳೆದವು.

ಪರೀಕ್ಷೆಯ ಹಿಂದಿನ ಸಂಜೆ ಅವಳು ಕೊನೆಯ ಸಲ ಓದಿದಳು. ಅಸ್ಬೆಂಡ್.

“ಸರಿಯಾಗಿ ಅದಾ?” ಎಂದು ಕೇಳಿದಳು. ಆ ಕಣ್ಣು ಅವನ ಮೇಲೆ ಎಂದಿಗಿಂತ ಹೆಚ್ಚು ಹೊತ್ತು ನಿಂತಿತು.

“ಊಂ. ಸರಿಯಾಗಿ ಅದೆ.”

ಬಸ್ಸು ಹೋದ ಮೇಲೆ ಅವನಿಗೆ ತಾನು ಮಾಡಿದ್ದು ಅರಿವಾಯಿತು. ನಾಚಿಕೆಗೆ ಒಂದು ಸುಳ್ಳು ಹೇಳಿದ್ದ. ಆ ಪದ ಪರೀಕ್ಷೆಯಲ್ಲಿ ಬಂದರೆ? ಅದೊಂದರಿಂದಲೇ ಅಂಕ ಕಡಿಮೆಯಾದರೆ?

ಜೂನ್ ಮುಗಿಯಿತು, ಜುಲೈ ಬಂತು. ಸುದ್ದಿ ಇಲ್ಲ. ರವೀಂದ್ರ ಒಂದು ರೇಡಿಯೋಗೆ ವೈರು ತಿರುಗಾಮುರುಗಾ ಬೆಸೆದು ಫ್ಯೂಸ್ ಸುಟ್ಟ. ಪೋಸ್ಟ್‌ಮ್ಯಾನ್ ಚಲುವಯ್ಯನ ಸೈಕಲ್ ಬೆಲ್ಲು ಕೇಳಿದರೆ ಸಾಕು, ಎದ್ದು ನಿಲ್ಲುತ್ತಿದ್ದ. ಪತ್ರ ತೊಣ್ಣೂರಿಗೆ ಬರುತ್ತದೆ, ಇಲ್ಲಿಗಲ್ಲ ಎಂದು ಗೊತ್ತಿದ್ದೂ.

ಒಮ್ಮೆ ಅವಳು ಬ್ಯಾಟರಿ ಸೆಲ್ ಕೊಳ್ಳಲು ಬಂದಾಗ ತಡೆಯದೆ ಕೇಳಿದ: “ಪರೀಕ್ಷೇಲಿ ಆ ಪದ ಬಂದಿತ್ತಾ?”

“ಯಾವ ಪದ?”

“ಅದೇ… ಆ ಪದ.”

“ಏಳಿ, ಯಾವ್ದು?” ಅವಳು ಕೌಂಟರಿನ ಮೇಲೆ ಎರಡೂ ಕೈ ಊರಿ ಕಾದಳು.

“ಬುಡಿ, ಏನಿಲ್ಲ.”

ಅವಳು ಸೆಲ್ಲು ತೆಗೆದುಕೊಂಡು, ಚಿಲ್ಲರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಇಟ್ಟು ಹೋದಳು.

ಆಗಸ್ಟ್ ಮೊದಲ ವಾರ, ಐದೂವರೆಗೆ ಸರಿಯಾಗಿ ಬಂದಳು. ಕೈಯಲ್ಲಿ ಒಡೆಯದ ಲಕೋಟೆ.

“ನೀವೇ ಒಡೀರಿ. ನಂಗೆ ಧೈರ್ಯ ಸಾಲ್ದು.”

ರವೀಂದ್ರ ಬ್ಲೇಡಿನಿಂದ ಅಂಚು ಕೊಯ್ದು ಹಾಳೆಯನ್ನು ಅವಳ ಕಡೆ ತಿರುಗಿಸಿದ. ಅಂಕಿಗಳ ಮೇಲೆ ಅವಳ ಬೆರಳು ನಿಧಾನವಾಗಿ ಇಳಿಯಿತು, ನಿಂತಿತು. ಅವಳು ಸ್ಟೂಲು ಎಳೆದುಕೊಂಡು ಕುಳಿತಳು.

“ಆಯ್ತು. ಪಾಸಾಯ್ತು.”

ಹೊರಗೆ ಕೆ.ಆರ್. ಪೇಟೆ ಬಸ್ಸೊಂದು ಹಾರ್ನ್ ಮಾಡುತ್ತಾ ಹೋಯಿತು. ರವೀಂದ್ರ ಬ್ಲೇಡನ್ನು ಡ್ರಾಯರಿಗೆ ಹಾಕಿದ.

“ಒಂದು ಸುಳ್ಳು ಏಳಿದ್ದೆ,” ಅಂದ. “ಕೊನೇ ದಿನ. ಆ ವಾಕ್ಯದಾಗೆ ಒಂದು ಪದ ತಪ್ಪಿತ್ತು. ಗೊತ್ತಿದ್ದೂ ತಿದ್ನಿಲ್ಲ. ಎಂಟು ವಾರದಿಂದ ಅದೇ ಯೋಚ್ನೆ.”

ಪ್ರಮೀಳಾ ಅವನನ್ನೇ ನೋಡಿದಳು. ಮೊದಲು ತುಟಿಯ ಒಂದು ಅಂಚು ಎದ್ದಿತು, ಆಮೇಲೆ ಇನ್ನೊಂದು.

“ಹಸ್ಬೆಂಡ್,” ಅಂದಳು. ಎಚ್ ಸ್ಪಷ್ಟವಾಗಿತ್ತು. “ಬೆಂಗಳೂರಲ್ಲೂ ಇಂಗೇ ಅನ್ನಾಕೆ ಬತ್ತಿತ್ತು, ಇಲ್ಲೂ ಬತ್ತಿತ್ತು. ನಿಮ್ಮ ಮುಂದೆ ಬೇಕಂತ್ಲೇ ತಪ್ಪು ಅಂತಿದ್ದೆ. ನೀವೊಂದ್ಸಲ ನನ್ನ ಮುಖ ನೋಡಿ ಆ ಪದ ಏಳ್ತೀರಾ ಅಂತ ಕಾಯ್ತಿದ್ದೆ. ಎಂಟು ಸಲ ರೀ! ನಿಮ್ಮ ಬಾಯಿ ಬೀಗ ತೆಗೀನೇ ಇಲ್ಲ.”

ರವೀಂದ್ರ ಅಂಕದ ಹಾಳೆಯನ್ನು ಮಡಿಸಿ ಲಕೋಟೆಗೆ ಹಾಕಿದ, ಮತ್ತೆ ಹೊರತೆಗೆದ.

ಪರ್ಸಿನಿಂದ ಅವಳು ಇನ್ನೊಂದು ಹಾಳೆ ತೆಗೆದಳು. ಅಂಕ ಬಂದ ಮೇಲೆ ತುಂಬಿ ಕಳಿಸಿ ಎಂದು ಅಮೆರಿಕದ ಆಸ್ಪತ್ರೆಯವರು ಕಳಿಸಿದ್ದ ಫಾರಂ. ಎಲ್ಲ ಸಾಲೂ ತುಂಬಿತ್ತು. ಒಂದು ಮಾತ್ರ ಖಾಲಿ.

“ಗಂಡನ ಎಸ್ರು ಅಂತ ಕೇಳವ್ರೆ. ಎರಡು ವರ್ಷದ ಕೆಲ್ಸ. ಒಬ್ಳೇ ಓಗ್ಬೇಕಾ, ಜೊತೆಗೆ ಯಾರಾರ ಬತ್ತಾರಾ, ಬರ್ದು ಕಳುಸ್ಬೇಕು. ಖಾಲಿ ಬುಟ್ಟು ಕಳುಸ್ಲಾ? ಬರೆಯಾದಾದ್ರೆ ನಾಳೆ ನೀವು ನಮ್ಮವ್ವನ ತಾವ ಬರ್ಬೇಕಾಯ್ತದೆ. ನಮ್ಮವ್ವನೂ ಬಾಯಿ ಪರೀಕ್ಷೆನೇ ಮಾಡದು. ಆದ್ರೆ ಟೇಪಿಲ್ಲ, ಎದ್ರುಗೇ ಕೂರುಸ್ಕಂಡು.”

ರವೀಂದ್ರ ಕೌಂಟರಿನ ಮೇಲಿದ್ದ ಪುಟ್ಟ ಕನ್ನಡಿಯನ್ನು ಎತ್ತಿಕೊಂಡ. ಬಾಯಿಯ ಹತ್ತಿರ ತಂದು, ಅವಳ ಮುಖದಿಂದ ಕಣ್ಣು ತೆಗೆಯದೆ, ಉಸಿರು ಬಿಟ್ಟು ಆ ಪದ ಹೇಳಿದ. ಕನ್ನಡಿ ಪೂರ್ತಿ ಮಂಜಾಯಿತು.

“ಅಲ್ಲೂ ಟೇಪ್ ರೆಕಾರ್ಡರ್ ಕೆಡ್ತವೆ ತಾನೆ?” ಅಂದ. ತನ್ನ ಪೆನ್ನಿನ ಮುಚ್ಚಳ ತೆಗೆದು ಅವಳಿಗೆ ಕೊಟ್ಟ. “ರವೀಂದ್ರ ಅಂತ ಬರ್ಕಳಿ. ಅದ್ರಾಗೆ ಎಚ್ ಇಲ್ಲ. ಏಳಾಕೆ ತಪ್ಪಾಗಾಕಿಲ್ಲ.”